ಸೈನ್ಯದ ಕಾಗದದಲ್ಲಿನ ತಪ್ಪನ್ನು ಬದುಕಿರುವಾಗಲೇ ತಿದ್ದಿಸಿಕೊಳ್ಳಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಮಾಜಿ ಸೈನಿಕರ ಹಾಗೂ ಅವರ ಕುಟುಂಬದವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಸಹಕಾರ ತತ್ತ್ವದ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ನಮ್ಮನ್ನು ಕೇಳಿದ್ದರು. ಆ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಬೆಳಗ್ಗೆಯಿಂದ ಆಡಿದ್ದಾರೆ. ನಮಗೆ ಗೊತ್ತಿರುವುದು ಬೇರೆ ಒಂದು ವಿಷಯ. ಅದನ್ನೇ ಹೇಳ್ತೀವಿ ಎಂದಾಗ ಅಧ್ಯಕ್ಷರು ಸಂತೋಷದಿಂದ ಒಪ್ಪಿದರು. ಅವರಿಗೆ ನಮ್ಮ ವಂದನೆಗಳು.

ನಮ್ಮ ಸಂಘದಲ್ಲಿ ಮಿಲಿಟರಿ ಪಿಂಚಣಿ ಬಟವಾಡೆ ಆಗುವುದಿಲ್ಲ, ಅದು ಪೇಟೆಯ ಬ್ಯಾಂಕಿಗೆ ಬರುತ್ತದೆ. ಆದರೂ ಗೊಬ್ಬರಕ್ಕೆ, ಬೆಳೆಸಾಲದ ನವೀಕರಣಕ್ಕೆ ಎಂದು ಇಲ್ಲಿಗೆ ಬಂದವರು ಚೀಲದಿಂದ ಪಿಂಚಣಿ ಪುಸ್ತಕವನ್ನೂ ಹೊರಗೆ ತೆಗೀತಾರೆ. "ಇದೊಂದು ಸ್ವಲ್ಪ ನೋಡಿ" ಅಂತಾರೆ. ಕೊಡಗಿನಂಥ ಜಿಲ್ಲೆಯಲ್ಲಿ, ಮನೆಗೊಬ್ಬರು ಸೈನ್ಯಕ್ಕೆ ಹೋದ ಊರುಗಳಲ್ಲಿ ಇದು ಸಹಜವೇ. ಹಾಗಾಗಿ ನಾವು ಮೂರು ನಾಲ್ಕು ಜನ ಮಾಜಿ ಸೈನಿಕರು ತಿಂಗಳಿಗೊಂದು ದಿನ ಗೋದಾಮಿನ ಪಕ್ಕದ ಕೊಠಡಿಯಲ್ಲಿ ಕೂತು ಬಂದವರ ಕಾಗದ ಪತ್ರ ನೋಡುವ ಪರಿಪಾಠ ಇಟ್ಟುಕೊಂಡಿದ್ದೇವೆ. ನಮ್ಮಲ್ಲಿ ಒಬ್ಬರು ರೆಕಾರ್ಡ್ ಆಫೀಸಿನಲ್ಲೇ ಹವಾಲ್ದಾರ್ ಕ್ಲಾರ್ಕ್ ಆಗಿ ದುಡಿದವರು. ಉಳಿದವರಿಗೆ ಅರ್ಜಿ ಬರೆದೂ ಬರೆದೂ ವಿದ್ಯೆ ಬಂದಿದೆ.

ಇಷ್ಟು ದಿನದಲ್ಲಿ ನಾವು ಕಂಡ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ. ಸೈನಿಕನ ದಾಖಲೆಯಲ್ಲಿರುವ ತಪ್ಪು ಹೆಚ್ಚಾಗಿ ಸೈನಿಕನನ್ನು ಕಾಡುವುದಿಲ್ಲ. ಆತನಿಗೆ ತಿಂಗಳ ಕೊನೆಗೆ ಪಿಂಚಣಿ ಬರ್ತಾ ಇರ್ತದೆ, ಹೆಂಡತಿ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಇದ್ದರೆ ಅವನಿಗೇನು? ಅವನು ಕಣ್ಣು ಮುಚ್ಚಿದ ಮರುತಿಂಗಳು ಆ ಅಕ್ಷರ ಎದ್ದು ಕೂರುತ್ತದೆ. ಅಷ್ಟು ಹೊತ್ತಿಗೆ ಉತ್ತರ ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ ಇರುವುದಿಲ್ಲ. ಯಾವ ಯೂನಿಟ್, ಯಾವ ವರ್ಷ ಮದುವೆ ಬರೆಸಿದ್ದು, ಎಲ್ಲಿ ಕಾಗದ ಇಟ್ಟಿದ್ದು ಎಂಬುದೆಲ್ಲ ಅವನ ಜೊತೆಗೇ ಹೋಗಿರುತ್ತದೆ.

ದಾಖಲೆ ಹೇಗೆ ಬೆಳೆಯುತ್ತದೆ ಎಂದು ತಿಳಿದರೆ ತಪ್ಪು ಎಲ್ಲಿ ಹುಟ್ಟಿತು ಎಂದು ತಿಳಿಯುತ್ತದೆ. ಭರ್ತಿಯಾದ ದಿನ ಒಂದು ಎನ್‌ರೋಲ್‌ಮೆಂಟ್ ಫಾರಂ ತುಂಬುತ್ತಾರೆ. ಅದರಿಂದ ಶೀಟ್ ರೋಲ್ ತಯಾರಾಗುತ್ತದೆ. ಆಮೇಲೆ ಆ ಜವಾನನ ಬದುಕಿನಲ್ಲಿ ಏನೇ ನಡೆದರೂ, ಬಡ್ತಿ, ಗಾಯ, ಮದುವೆ, ಮಗುವಿನ ಜನನ, ಅದು ಯೂನಿಟ್ಟಿನಲ್ಲಿ 'ಪಾರ್ಟ್ ಟೂ ಆರ್ಡರ್' ಆಗಿ ಪ್ರಕಟವಾಗಿ ರೆಕಾರ್ಡ್ ಆಫೀಸಿಗೆ ಹೋಗಿ ಶೀಟ್ ರೋಲಿಗೆ ಏರಬೇಕು. ಊರಲ್ಲಿ ಐನೂರು ಜನಕ್ಕೆ ಊಟ ಹಾಕಿ ಮದುವೆಯಾದರೆ ಸಾಲದು, ಸೈನ್ಯದ ಲೆಕ್ಕದಲ್ಲಿ ಮದುವೆಯಾಗುವುದು ಪಾರ್ಟ್ ಟೂ ಆರ್ಡರ್ ಬಂದ ದಿನ! ಸೇವೆ ಮುಗಿದಾಗ ಶೀಟ್ ರೋಲ್ ನೋಡಿಕೊಂಡು ಡಿಸ್ಚಾರ್ಜ್ ಬುಕ್ ಬರೆಯುತ್ತಾರೆ. ಅದೇ ವಿವರ ಅಲಹಾಬಾದಿಗೆ, ಅಂದರೆ 2018ರಿಂದ ಪ್ರಯಾಗರಾಜ್ ಎಂದು ಕರೆಯುವ ಊರಿನ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗಿ ಪಿ.ಪಿ.ಒ. ಆಗಿ ಬರುತ್ತದೆ. ಈಗ ಆ ಪಿ.ಪಿ.ಒ. 'ಸ್ಪರ್ಶ್' ಎಂಬ ಕಂಪ್ಯೂಟರ್ ವ್ಯವಸ್ಥೆಯೊಳಗೆ ಸೇರಿದೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿದ ಹಾಗೆ ಒಂದು ಕಾಗದದ ತಪ್ಪು ಇನ್ನೊಂದಕ್ಕೆ ಇಳಿಯುತ್ತಾ ಬರುತ್ತದೆ. ನಮ್ಮ ಸಂಘದ ಷೇರು ಪುಸ್ತಕದಲ್ಲಿ ಹೆಸರು ತಪ್ಪಾದರೆ ಒಂದು ಅರ್ಜಿ, ಆಡಳಿತ ಮಂಡಳಿಯಲ್ಲಿ ಒಂದು ಠರಾವು, ಅಲ್ಲಿಗೆ ಮುಗಿಯಿತು. ಸೈನ್ಯದ ಕಾಗದದಲ್ಲಿ ಹಾಗಲ್ಲ. ಯಾವ ಗದ್ದೆಯಲ್ಲಿ ಕೆಸರಾಯಿತೋ ಅಲ್ಲಿಗೇ ಹತ್ತಬೇಕು.

ಇನ್ನು ತಪ್ಪು ಯಾಕಾಗ್ತದೆ? ಕ್ಲಾರ್ಕುಗಳನ್ನು ಬೈಯುವುದು ಸುಲಭ. ಆದರೆ ಯೋಚಿಸಿ, ಪಂಜಾಬಿನವನೋ ಬಿಹಾರಿನವನೋ ಒಬ್ಬ ಕ್ಲಾರ್ಕ್ ಕೂತಿದ್ದಾನೆ. ಎದುರಿಗೆ ನಮ್ಮ ಹುಡುಗ ಹೆದರಿಕೊಂಡು ನಿಂತಿದ್ದಾನೆ. 'ಳ'ಕಾರ ಅವನಿಗೆ ಕೇಳಿಸುವುದಿಲ್ಲ, ಒತ್ತಕ್ಷರಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಅಕ್ಷರ ಹಾಕಬೇಕೆಂಬುದಕ್ಕೆ ನಿಯಮವಿಲ್ಲ. ಮುತ್ತಮ್ಮ ಎಂಬ ಒಂದು ಹೆಸರನ್ನು ನಾಲ್ಕು ಥರ ಬರೆದದ್ದನ್ನು ನಾವೇ ನೋಡಿದ್ದೇವೆ. ನಮ್ಮಲ್ಲಿ ಮನೆಹೆಸರು ಮೊದಲು, ಅವರಲ್ಲಿ ಕೊನೆಗೆ. ಸೈನ್ಯದಲ್ಲಿ ಮನೆಹೆಸರು ಒಂದಕ್ಷರದ ಇನಿಷಿಯಲ್ ಆಗಿಬಿಡುತ್ತದೆ, ಆಧಾರ್ ಕಾರ್ಡಿನಲ್ಲಿ ಅದೇ ಹೆಸರು ಪೂರ್ತಿ ಬಿಡಿಸಿಕೊಂಡು ನಿಲ್ಲುತ್ತದೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಮೊದಲು ಬ್ಯಾಂಕಿನ ಮ್ಯಾನೇಜರು ಮುಖ ನೋಡಿ "ಇವರು ಗೊತ್ತಲ್ಲ" ಅಂತ ಬಿಡ್ತಿದ್ದರು. ಕಂಪ್ಯೂಟರ್ ಮುಖ ನೋಡುವುದಿಲ್ಲ.

ಹೆಂಡತಿಯ ಹೆಸರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಇದೇ. ಪಕ್ಕದ ಊರಿನ ಒಬ್ಬ ತಾಯಿ ಬಂದಿದ್ದರು. ಹೆಸರು ಬೇಡ. ಗಂಡ ಹವಾಲ್ದಾರ್ ಆಗಿ ನಿವೃತ್ತರಾಗಿ, ಮೂವತ್ತು ವರ್ಷ ಪಿಂಚಣಿ ತೆಗೆದುಕೊಂಡು ತೀರಿಕೊಂಡಿದ್ದರು. ಈಕೆ ಮರಣಪತ್ರ ಹಿಡಿದುಕೊಂಡು ಹೋದರೆ, "ಅಮ್ಮಾ, ಪಿ.ಪಿ.ಒ.ದಲ್ಲಿರುವ ಹೆಸರು ನಿಮ್ಮದಲ್ಲ" ಎಂಬ ಉತ್ತರ ಬಂತು. ಆಧಾರ್, ರೇಷನ್ ಕಾರ್ಡು, ಮತದಾರರ ಪಟ್ಟಿ, ನಮ್ಮ ಸಂಘದ ಷೇರು ಎಲ್ಲ ಕಡೆ ಒಂದು ಹೆಸರು, ಸೈನ್ಯದಲ್ಲಿ ಇನ್ನೊಂದು. ಊರಲ್ಲಿ ಆಡಿಕೊಳ್ಳುವವರು ಆಡಿಕೊಂಡರು, ಹವಾಲ್ದಾರರಿಗೆ ಬೇರೆ ಸಂಸಾರ ಇತ್ತೋ ಏನೋ ಎಂದು. ಆ ತಾಯಿಗೆ ಪಿಂಚಣಿ ಹೋದದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತ್ತು.

ನಾವು ಡಿಸ್ಚಾರ್ಜ್ ಬುಕ್ಕಿನ ಕುಟುಂಬದ ಪುಟ ತೆಗೆದು ನೋಡಿದೆವು. ಅಲ್ಲಿಯೂ ಆ ಇನ್ನೊಂದು ಹೆಸರೇ. ಓದಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನ್ನ ತವರಿನ ಹೆಸರು. ಮದುವೆ ದಿವಸ ಅತ್ತೆ ಹೆಸರು ಬದಲಾಯಿಸಿದರು. ಅದನ್ನ ಯಾರೂ ಕರೀದೇ ಐವತ್ತು ವರ್ಷ ಆಯ್ತು" ಎಂದರು. ಗಂಡ ಮದುವೆಯ ವಿವರ ಬರೆಸುವಾಗ ಲಗ್ನಪತ್ರಿಕೆಯಲ್ಲಿದ್ದ ಹೆಸರನ್ನೇ ಬರೆಸಿದ್ದರು. ಅಂದರೆ ನೋಡಿ, ಸೈನ್ಯದ ದಾಖಲೆ ಸರಿಯಾಗಿಯೇ ಇತ್ತು. ಊರಿನ ಕಾಗದಗಳೆಲ್ಲ ಬೇರೆಯಾಗಿದ್ದವು.

ಇಂಥ ಕಡೆ ಯಾವ ಕಾಗದವನ್ನು ಯಾವುದಕ್ಕೆ ಹೊಂದಿಸಬೇಕು? ಪೇಟೆಯ ಸೈಬರ್ ಅಂಗಡಿಯವರು "ಆಧಾರ್ ಹೆಸರು ಬದಲಾಯಿಸಿಬಿಡಿ, ಎರಡು ನಿಮಿಷದ ಕೆಲಸ" ಅಂತಾರೆ. ನಮ್ಮ ಅಭಿಪ್ರಾಯ ಬೇರೆ. ಆಧಾರ್ ಬದಲಾಯಿಸಿದರೆ ಪಹಣಿ, ಬ್ಯಾಂಕ್ ಖಾತೆ, ಗ್ಯಾಸು, ಸಂಘದ ಸಾಲ ಎಲ್ಲವೂ ಕಳಚಿಕೊಳ್ಳುತ್ತವೆ. ಒಂದು ತೂತು ಮುಚ್ಚಲು ಹೋಗಿ ಹತ್ತು ತೂತು. ಅದೂ ಅಲ್ಲದೆ ಆಧಾರಿನಲ್ಲಿ ಹೆಸರನ್ನು ಎರಡೇ ಸಲ, ಜನ್ಮ ದಿನಾಂಕವನ್ನು ಒಂದೇ ಸಲ ಬದಲಾಯಿಸಲು ಸಾಮಾನ್ಯವಾಗಿ ಅವಕಾಶ. ಆ ತಾಯಿಯೂ ಒಪ್ಪಲಿಲ್ಲ. ಐವತ್ತು ವರ್ಷ ಕರೆಸಿಕೊಂಡ ಹೆಸರನ್ನು ಈ ವಯಸ್ಸಿನಲ್ಲಿ ಯಾಕೆ ಬಿಡಬೇಕು? ಕೊನೆಗೆ ಎರಡೂ ಹೆಸರಿನವರು ಒಬ್ಬರೇ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ, ಒಂದು ಕನ್ನಡ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ, ಪಂಚಾಯಿತಿಯ ದೃಢೀಕರಣ, ಮಕ್ಕಳ ಶಾಲಾ ದಾಖಲೆ ಇಷ್ಟನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿದೆವು. ತಿದ್ದುಪಡಿ ಪಿ.ಪಿ.ಒ. ಬರುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆಯಿತು. ಬಾಕಿಯೆಲ್ಲ ಒಟ್ಟಿಗೆ ಬಂತು, ನಿಜ. ಆದರೆ ಆ ಹನ್ನೊಂದು ತಿಂಗಳು ಔಷಧಿ ಅಂಗಡಿಯಲ್ಲಿ ಸಾಲ ಹೇಳಿದ್ದು ಆಕೆ. ಇದೇ ಕೆಲಸವನ್ನು ಗಂಡ ಬದುಕಿದ್ದಾಗ ಮಾಡಿಸಿದ್ದರೆ ಅವರ ಸಹಿಯ ಒಂದು ಅರ್ಜಿಯಲ್ಲಿ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು.

ಹಳೆಯ ಕಾಲದ ಹಲವು ಪಿ.ಪಿ.ಒ.ಗಳಲ್ಲಿ ಹೆಂಡತಿಯ ಹೆಸರೇ ಇಲ್ಲ ಎಂಬುದನ್ನೂ ಗಮನಿಸಬೇಕು. ಹೆಸರು ಸೇರಿದ್ದರೆ ಮರಣಪತ್ರದ ಮೇಲೆ ಕುಟುಂಬ ಪಿಂಚಣಿ ಶುರುವಾಗುತ್ತದೆ. ಇಲ್ಲದಿದ್ದರೆ ರೆಕಾರ್ಡ್ ಆಫೀಸಿನಿಂದ ಹೊಸದಾಗಿ ಮಂಜೂರಾತಿ ಆಗಿ ಬರಬೇಕು. ಇವತ್ತು ಮನೆಗೆ ಹೋದವರು ಮೊದಲು ಅದೊಂದನ್ನು ತೆಗೆದು ನೋಡಿ.

ಮೊದಲ ಹೆಂಡತಿ ತೀರಿಹೋಗಿ ಎರಡನೇ ಮದುವೆಯಾದವರ ಮನೆಯಲ್ಲಿ ಇನ್ನೂ ತೊಡಕು. ದಾಖಲೆಯಲ್ಲಿ ತೀರಿಹೋದವರ ಹೆಸರೇ ಉಳಿದಿರುತ್ತದೆ. ನಿವೃತ್ತಿಯ ನಂತರ ಆದ ಮದುವೆಗೆ ಕುಟುಂಬ ಪಿಂಚಣಿ ಇಲ್ಲ ಎಂದು ಈಗಲೂ ಕೆಲವರು ಹೇಳುವುದುಂಟು. ಅದು ತಪ್ಪು. ಭಗವಂತಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಅಂಥ ಪತ್ನಿಗೂ ಹಕ್ಕಿದೆ ಎಂದು ತೀರ್ಪು ಕೊಟ್ಟಿದೆ. ಮೊದಲ ಪತ್ನಿಯ ಮರಣಪತ್ರ, ಎರಡನೆಯ ಮದುವೆಯ ನೋಂದಣಿ ಪತ್ರ ಎರಡನ್ನೂ ಈಗಲೇ ಕಳಿಸಿ. ಮೊದಲ ಪತ್ನಿ ಇರುವಾಗಲೇ ಇನ್ನೊಂದು ಮಾಡಿಕೊಂಡವರಿಗೆ ಮಾತ್ರ ನಮ್ಮ ಮೇಜಿನಲ್ಲಿ ಔಷಧಿ ಇಲ್ಲ.

ಜನ್ಮ ದಿನಾಂಕಕ್ಕೆ ಬರೋಣ. ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟು ಜನ ಜೂನ್ 1ನೇ ತಾರೀಕು ಹುಟ್ಟಿದವರು? ಕೈ ಎತ್ತಬೇಡಿ, ನಮಗೆ ಗೊತ್ತು! ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದು. ಸೈನ್ಯಕ್ಕೆ ಭರ್ತಿಯಾಗುವಾಗ ಅದೇ ಬಂತು, ಕೆಲವರಿಗೆ ಅದಕ್ಕಿಂತ ಬೇರೆಯದೂ ಬಂತು. ಈಗ ತಿದ್ದಿಸಬೇಕು ಅಂತ ಬರ್ತಾರೆ. ಸೈನಿಕನ ಸ್ವಂತ ಜನ್ಮ ದಿನಾಂಕದ ವಿಷಯದಲ್ಲಿ ನಾವು ನೇರವಾಗಿ ಹೇಳುವುದು: ಆ ಜಗಳಕ್ಕೆ ಹೋಗಬೇಡಿ. ಸೇವೆಯ ಕೊನೆಗಾಲದಲ್ಲಿ ಇಂಥ ಬದಲಾವಣೆ ಕೇಳುವುದನ್ನು ನ್ಯಾಯಾಲಯಗಳು ಒಪ್ಪುವುದಿಲ್ಲ. ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದು ಸಿವಿಲ್ ನೌಕರರೊಬ್ಬರ ಪ್ರಕರಣವಾದರೂ ತತ್ತ್ವ ಅದೇ.

ಇನ್ನೊಂದು ಉದಾಹರಣೆ ನಿಮಗೆಲ್ಲ ನೆನಪಿರಬಹುದು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಜನ್ಮ ವರ್ಷ ಸೇನಾ ಕೇಂದ್ರ ಕಚೇರಿಯ ಒಂದು ಶಾಖೆಯಲ್ಲಿ 1950, ಇನ್ನೊಂದು ಶಾಖೆಯಲ್ಲಿ 1951 ಎಂದು ಇತ್ತು. ಮೆಟ್ರಿಕ್ ಪ್ರಮಾಣಪತ್ರದಲ್ಲಿ 1951, ಎನ್.ಡಿ.ಎ. ಸೇರಲು ತುಂಬಿದ ಅರ್ಜಿಯಲ್ಲಿ 1950. ಹುಡುಗನಾಗಿದ್ದಾಗ ತುಂಬಿದ ಒಂದು ಫಾರಂ ನಲವತ್ತು ಚಿಲ್ಲರೆ ವರ್ಷ ಬೆನ್ನು ಬಿಡಲಿಲ್ಲ. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು, 2012ರ ಫೆಬ್ರವರಿ 10ರಂದು ಅರ್ಜಿ ಹಿಂದಕ್ಕೆ ತೆಗೆದುಕೊಂಡರು, 1950ರ ಲೆಕ್ಕದಲ್ಲೇ ಅದೇ ವರ್ಷ ಮೇ 31ರಂದು ನಿವೃತ್ತರಾದರು. ಸೇನೆಯ ದಂಡನಾಯಕರಿಗೇ ಹೀಗಾದ ಮೇಲೆ ಲಾನ್ಸ್ ನಾಯಕರ ಮಾತೇನು? ಆದ್ದರಿಂದ ಇಲ್ಲಿ ಉಲ್ಟಾ ಮಾಡಿ. ಡಿಸ್ಚಾರ್ಜ್ ಬುಕ್ಕಿನಲ್ಲಿರುವ ದಿನಾಂಕವನ್ನು ಗಟ್ಟಿ ಎಂದು ಇಟ್ಟುಕೊಂಡು ಆಧಾರ್, ಪ್ಯಾನ್ ಕಾರ್ಡುಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಹೆಂಡತಿಯ ಹೆಸರಿಗೆ ಒಂದು ದಾರಿ ಹೇಳಿ ಇದಕ್ಕೆ ಇನ್ನೊಂದು ಹೇಳ್ತೀರಲ್ಲ ಎಂದು ಕೇಳಬಹುದು. ಹೌದು, ಯಾವ ಗೋಡೆ ಅಲುಗುತ್ತದೋ ಅದನ್ನು ಸರಿಸಬೇಕು, ಅಲುಗದ್ದಕ್ಕೆ ತಲೆ ಕೊಡಬಾರದು.

ಆದರೆ ಹೆಂಡತಿಯ ಜನ್ಮ ದಿನಾಂಕ ಬೇರೆ ವಿಷಯ. ಅದನ್ನು ಬರೆಸಲು ಸಾಧ್ಯ, ಬರೆಸಲೇಬೇಕು. ಯಾಕೆ ಅಂದರೆ ಆರನೇ ವೇತನ ಆಯೋಗದ ನಂತರ, 2006ರಿಂದ, 80 ವರ್ಷ ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20ರಷ್ಟು ಹೆಚ್ಚುವರಿ ಸಿಗುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಪಿಂಚಣಿಯಷ್ಟೇ ಇನ್ನೊಂದು ಪಾಲು. ಇದು ಕುಟುಂಬ ಪಿಂಚಣಿ ತೆಗೆದುಕೊಳ್ಳುವ ತಾಯಂದಿರಿಗೂ ಉಂಟು. ಆದರೆ ಎಷ್ಟೋ ಅಜ್ಜಿಯಂದಿರ ಪಿ.ಪಿ.ಒ.ದಲ್ಲಿ ಅವರ ಜನ್ಮ ದಿನಾಂಕದ ಜಾಗ ಖಾಲಿ. ಅವರಿಗೆ 80 ಆದದ್ದು ಮೊಮ್ಮಕ್ಕಳಿಗೆ ಗೊತ್ತು, ಊರಿಗೆ ಗೊತ್ತು, ಪಿಂಚಣಿ ಕಚೇರಿಗೆ ಗೊತ್ತಿಲ್ಲ. ಕುಟುಂಬ ಪಿಂಚಣಿಯ ಕನಿಷ್ಠ ಮೊತ್ತ 2016ರಿಂದ ತಿಂಗಳಿಗೆ 9,000 ರೂಪಾಯಿ. ಅದರ ಮೇಲೆ ನೂರಕ್ಕೆ 20 ಅಂದರೆ 1,800, ತುಟ್ಟಿಭತ್ಯೆ ಬೇರೆ. ಒಂದು ಖಾಲಿ ಜಾಗದ ಬೆಲೆ ಅಷ್ಟು.

ದರ್ಜೆ, ಗ್ರೂಪ್, ಅರ್ಹ ಸೇವೆಯ ಅವಧಿ ಇವುಗಳ ತಪ್ಪನ್ನು ಬೇಗ ಹೇಳಿ ಮುಂದೆ ಹೋಗುತ್ತೇವೆ. 'ಸಮಾನ ದರ್ಜೆಗೆ ಸಮಾನ ಪಿಂಚಣಿ' ಯೋಜನೆ 2014ರ ಜುಲೈ 1ರಿಂದ ಜಾರಿಗೆ ಬಂತು, ಆಮೇಲೆ 2019 ಮತ್ತು 2024ರ ಜುಲೈಯಿಂದ ಮರುನಿಗದಿ ಆಯಿತು. 2016ರ ಫೆಬ್ರವರಿಯ ಸುತ್ತೋಲೆಯಲ್ಲಿ 101 ಕೋಷ್ಟಕಗಳಿದ್ದವು. ನಿಮ್ಮ ದರ್ಜೆ, ಗ್ರೂಪ್, ಸೇವೆಯ ವರ್ಷ ಮೂರೂ ಸರಿಯಿದ್ದರೆ ಮಾತ್ರ ನಿಮ್ಮ ಸಾಲು ಸಿಗುತ್ತದೆ. ಗ್ರೂಪ್ ಬರೆಯದೆ ಬಿಟ್ಟಿದ್ದರೆ ಕೆಳಗಿನ ಸಾಲಿನ ಲೆಕ್ಕ ಬಿದ್ದಿರಬಹುದು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳಂದು ಗೌರವ ದರ್ಜೆ ಪಡೆದವರಿಗೆ ಅದು ನಿವೃತ್ತಿಯ ನಂತರ ಬಂದಿದ್ದರೆ, ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಮಾತ್ರ ಇರುತ್ತದೆ, ಪಿ.ಪಿ.ಒ.ದಲ್ಲಿ ಇರುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಈಗ ನಮಗೆ ಹೆಚ್ಚು ಚಿಂತೆಯಾಗಿರುವ ವಿಷಯ. ಸಾಮಾನ್ಯವಾಗಿ ಮಕ್ಕಳಿಗೆ ಕುಟುಂಬ ಪಿಂಚಣಿ 25 ವರ್ಷದವರೆಗೆ, ಅದೂ ಮದುವೆ ಅಥವಾ ಸಂಪಾದನೆ ಆಗುವವರೆಗೆ ಮಾತ್ರ. ಆದರೆ ದುಡಿದು ಬದುಕಲು ಆಗದಂಥ ಅಂಗವಿಕಲ ಮಗನಿಗೋ ಮಗಳಿಗೋ ತಂದೆತಾಯಿಯ ನಂತರ, ನಿಯಮಗಳಿಗೆ ಒಳಪಟ್ಟು, ಜೀವ ಇರುವವರೆಗೂ ಪಿಂಚಣಿ ಉಂಟು. ಇದು ಬಹಳ ಜನರಿಗೆ ತಿಳಿದಿಲ್ಲ. ತಿಳಿದವರೂ "ಅದೆಲ್ಲ ನಾವು ಹೋದ ಮೇಲೆ ತಾನೇ" ಎಂದು ಸುಮ್ಮನಿರುತ್ತಾರೆ. ಹೋದ ಮೇಲೆ ಆ ಮಗು ಹೋಗಿ ಅರ್ಜಿ ಕೊಡ್ತದಾ?

ಒಂದು ಮನೆಯ ಮಾತು ಹೇಳುತ್ತೇವೆ. ನಿವೃತ್ತ ನಾಯಕ್ ಒಬ್ಬರಿಗೆ ಮೂರು ಮಕ್ಕಳು. ಮೊದಲ ಇಬ್ಬರ ಜನನ ಪಾರ್ಟ್ ಟೂ ಆರ್ಡರಿನಲ್ಲಿ ಇದೆ. ಮೂರನೆಯವನು ಹುಟ್ಟಿದಾಗ ಅವರು ಗಡಿಯಲ್ಲಿದ್ದರು, ಊರಿಂದ ಬಂದ ಕಾಗದ ತಡವಾಯಿತು, ಅಷ್ಟರಲ್ಲಿ ಯೂನಿಟ್ ಬೇರೆ ಕಡೆ ಹೊರಟಿತು. ಬರೆಸಿದೆನೋ ಇಲ್ಲವೋ ಅವರಿಗೇ ನೆನಪಿಲ್ಲ. ಆ ಮೂರನೆಯ ಹುಡುಗನಿಗೆ ಬುದ್ಧಿಯ ಬೆಳವಣಿಗೆ ಕಡಿಮೆ. ಈಗ ನಲವತ್ತರ ಹತ್ತಿರದ ವಯಸ್ಸು. ಅಮ್ಮ ತಿನ್ನಿಸಿದರೆ ಊಟ, ಇಲ್ಲದಿದ್ದರೆ ಇಲ್ಲ. ಅಣ್ಣಂದಿರು ನೋಡಿಕೊಳ್ಳದವರೇನಲ್ಲ, ಆದರೆ ಅವರಿಗೂ ಅವರ ಸಂಸಾರ ಇದೆ. ಸೈನ್ಯದ ಲೆಕ್ಕದಲ್ಲಿ ಈ ಮಗ ಹುಟ್ಟಿಯೇ ಇಲ್ಲ. ಹೆಸರಿಲ್ಲದ್ದಕ್ಕೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇ.ಸಿ.ಎಚ್.ಎಸ್. ಕಾರ್ಡು ಕೂಡ ಅವನೊಬ್ಬನಿಗೆ ಆಗಿರಲಿಲ್ಲ. 2003ರಲ್ಲಿ ಆ ಯೋಜನೆ ಬಂದಾಗಿನಿಂದಲೂ ಅವನ ಔಷಧಿಯ ಖರ್ಚು ಕೈಯಿಂದಲೇ.

ಪುಣ್ಯಕ್ಕೆ ತಂದೆ ಬದುಕಿದ್ದಾರೆ, ನೆಟ್ಟಗೆ ಸಹಿ ಹಾಕುತ್ತಾರೆ. ಗ್ರಾಮದ ಜನನ ನೋಂದಣಿ ಪುಸ್ತಕದಲ್ಲಿ ಆ ಹುಡುಗನ ಹೆಸರು ಸಿಕ್ಕಿತು. ಹುಡುಕಿ ಕೊಟ್ಟ ಗ್ರಾಮ ಲೆಕ್ಕಿಗರಿಗೆ ಇಲ್ಲಿಂದಲೇ ನಮಸ್ಕಾರ. ಜನನಪತ್ರ, ಮೆಡಿಕಲ್ ಬೋರ್ಡಿನ ಪ್ರಮಾಣಪತ್ರ, ತಂದೆಯ ಪ್ರಮಾಣಪತ್ರ, ತಡವಾದದ್ದಕ್ಕೆ ಕಾರಣ ಇಷ್ಟು ಸೇರಿಸಿ ಮೊದಲು ಹೆಸರನ್ನು ಸೇರಿಸಲು, ಆಮೇಲೆ ಅಂಗವಿಕಲ ಮಗ ಎಂದು ಪಿ.ಪಿ.ಒ.ದಲ್ಲಿ ನಮೂದಿಸಲು ಅರ್ಜಿ ಹೋಗಿದೆ. ಒಂದು ಸಲ ಆಕ್ಷೇಪಣೆ ಬಂದು ಉತ್ತರ ಕೊಟ್ಟಾಯಿತು. ಇವತ್ತಿನ ದಿನಕ್ಕೆ ಆ ಕಡತ ಇನ್ನೂ ಮುಗಿದಿಲ್ಲ. ಆ ತಾಯಿ ಪ್ರತಿ ಸಂತೆಯ ದಿನ ಸಂಘಕ್ಕೆ ಬಂದು "ಕಾಗದ ಬಂತಾ ಅಣ್ಣ?" ಅಂತ ಕೇಳ್ತಾರೆ. ತಾನು ಮೊದಲು ಹೋದರೂ ಚಿಂತೆಯಿಲ್ಲ, ಆ ಕಾಗದ ಮೊದಲು ಬರಲಿ ಎನ್ನುವುದು ಅವರ ಆಸೆ.

ಅರ್ಜಿ ಕೊಡುವ ಕ್ರಮವನ್ನು ಹೇಳುತ್ತೇವೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಮೊದಲು ನಿಮ್ಮ ರೆಕಾರ್ಡ್ ಆಫೀಸು ಯಾವುದು ಎಂದು ತಿಳಿಯಿರಿ. ಬ್ಯಾಂಕಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಸೇವಾ ದಾಖಲೆ ತಿದ್ದಲು ಆಗುವುದಿಲ್ಲ. ಮದ್ರಾಸ್ ಇಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ತೋಪುಖಾನೆಗೆ ನಾಸಿಕ್ ರೋಡ್, ಸಿಗ್ನಲ್ಸಿಗೆ ಜಬಲ್‌ಪುರ, ಇ.ಎಂ.ಇ.ಯವರಿಗೆ ಸಿಕಂದರಾಬಾದ್, ವಾಯುಸೇನೆಗೆ ದೆಹಲಿ, ನೌಕಾಸೇನೆಯ ನಾವಿಕರಿಗೆ ಮುಂಬಯಿ. ಅರ್ಜಿಯ ತಲೆಯ ಮೇಲೆ ನಂಬರ್, ದರ್ಜೆ, ಹೆಸರು ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವ ಹಾಗೆಯೇ ಬರೆಯಿರಿ, ತಪ್ಪಿದ್ದರೆ ತಪ್ಪಿದ್ದ ಹಾಗೆಯೇ. ನಂಬರಿನ ಕೊನೆಯ ಇಂಗ್ಲಿಷ್ ಅಕ್ಷರವನ್ನು ಬಿಡಬೇಡಿ. ಜೆ.ಸಿ.ಒ. ಆಗಿ ನಿವೃತ್ತರಾದವರು ಜೆ.ಸಿ. ನಂಬರಿನ ಜೊತೆಗೆ ಹಳೆಯ ಜವಾನ್ ನಂಬರನ್ನೂ ಕೊಡಿ, ಎಷ್ಟೋ ಕಾಗದಗಳು ಹಳೆಯ ನಂಬರಿನಲ್ಲೇ ಇರುತ್ತವೆ. ಒಂದು ಅರ್ಜಿಯಲ್ಲಿ ಒಂದೇ ತಪ್ಪು. ನಾಲ್ಕು ವಿಷಯ ಒಟ್ಟಿಗೆ ಬರೆದರೆ ನಾಲ್ಕು ಮೇಜು ಸುತ್ತಿ ಒಂದರಲ್ಲಿ ನಿಂತುಬಿಡುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮುಖಾಂತರ ಕಳಿಸಿ, ನಿಮ್ಮ ಹತ್ತಿರ ಒಂದು ನಕಲು, ಅಂಚೆಯ ರಶೀದಿ ಇರಲಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಯಾರು ಕೇಳಿದರೂ ಅಂಚೆಯಲ್ಲಿ ಕಳಿಸಬೇಡಿ, ನಮ್ಮ ಕೈಗೂ ಕೊಟ್ಟು ಹೋಗಬೇಡಿ. ಸ್ಪರ್ಶ್ ವ್ಯವಸ್ಥೆಯಲ್ಲಿ ಕಂಪ್ಯೂಟರಿನ ಮೂಲಕವೂ ದೂರು, ಕೋರಿಕೆ ಹಾಕಬಹುದು. ಆದರೆ ಮೂಲ ದಾಖಲೆಯಲ್ಲೇ ತಪ್ಪಿದ್ದರೆ ಅದು ಕೊನೆಗೆ ರೆಕಾರ್ಡ್ ಆಫೀಸಿಗೇ ಬಂದು ನಿಲ್ಲುತ್ತದೆ.

ನಿಮ್ಮ ದಾಖಲೆಯಲ್ಲಿ ಏನಿದೆ ಎಂದೇ ಗೊತ್ತಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ನಿಮ್ಮದೇ ಶೀಟ್ ರೋಲಿನ, ಕುಟುಂಬಕ್ಕೆ ಸಂಬಂಧಿಸಿದ ಪಾರ್ಟ್ ಟೂ ಆರ್ಡರುಗಳ ದೃಢೀಕೃತ ನಕಲು ಕೇಳಿ. ಇದು ನಮ್ಮ ಅನುಭವದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಅಸ್ತ್ರ.

ಪಿಂಚಣಿಗೆ ಬೇಕಾದಷ್ಟು ಸೇವೆ ಆಗದೆ ಮನೆಗೆ ಬಂದವರು ಇನ್ನೂ ಎಚ್ಚರವಾಗಿರಬೇಕು. ಅವರ ಕಡತವನ್ನು ಸೈನ್ಯದ ನಿಯಮದಂತೆ 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ಲಾಂಗ್ ರೋಲ್ ಎಂಬ ಪುಸ್ತಕದಲ್ಲಿ ನಾಲ್ಕು ಸಾಲು ಮಾತ್ರ ಉಳಿಯುತ್ತದೆ. ಆಗ ಮನೆಯ ಪೆಟ್ಟಿಗೆಯಲ್ಲಿರುವ ಕಾಗದವೇ ಸಾಕ್ಷಿ. ಅಮೆರಿಕದಂಥ ದೇಶದಲ್ಲಿಯೂ 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಮಿಕ್ಕಿ ಸೈನಿಕರ ಕಡತಗಳು ಸುಟ್ಟುಹೋದವು. ಅಲ್ಲಿಯವರೂ ಬೇರೆ ಕಡೆಯ ಸಂಬಳದ ಲೆಕ್ಕ, ಮನೆಯಲ್ಲಿ ಉಳಿದ ಕಾಗದ ಇವನ್ನೇ ಕೂಡಿಸಿ ಸೇವೆಯನ್ನು ರುಜುವಾತು ಮಾಡಿಕೊಳ್ಳಬೇಕಾಯಿತು. ಪೇ ಬುಕ್, ಪದಕದ ಜೊತೆ ಬಂದ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಯಾವುದನ್ನೂ ಹಳೆ ಪೇಪರಿನವನಿಗೆ ಹಾಕಬೇಡಿ. ಅಟ್ಟದ ಮೇಲೆ ಗೆದ್ದಲು ಹಿಡಿಯುವ ಕಡೆಯೂ ಇಡಬೇಡಿ.

ತಡ ಮಾಡುವುದರ ನಷ್ಟವನ್ನೂ ತಿಳಿದಿರಿ. ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದ್ದು ಇಷ್ಟು: ಪಿಂಚಣಿಯಂಥ ವಿಷಯದಲ್ಲಿ ತಡವಾಗಿ ಬಂದರೂ ಹಕ್ಕು ಹೋಗುವುದಿಲ್ಲ, ಆದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ. ಹದಿನಾರು ವರ್ಷ ಸುಮ್ಮನಿದ್ದವರಿಗೆ ಹದಿಮೂರು ವರ್ಷದ್ದು ಹೋಯಿತು ಎಂದೇ ಲೆಕ್ಕ. ರೆಕಾರ್ಡ್ ಆಫೀಸಿನಲ್ಲಿ ನ್ಯಾಯ ಸಿಗದಿದ್ದರೆ 2007ರ ಕಾಯ್ದೆಯ ಪ್ರಕಾರ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ನಮ್ಮಲ್ಲಿಗೆ ಬಂದ ಕಾಗದಗಳಲ್ಲಿ ಅಲ್ಲಿಯವರೆಗೆ ಹೋಗಬೇಕಾದವು ಕಡಿಮೆಯೇ.

ಕಮಿಷನ್ ಏಜೆಂಟರ ಬಗ್ಗೆ ಒಂದು ಮಾತು. ಬಾಕಿ ಹಣದಲ್ಲಿ ಇಷ್ಟು ಪಾಲು ಕೊಡಿ, ಅಲಹಾಬಾದಿನಲ್ಲಿ ನಮ್ಮವರಿದ್ದಾರೆ ಎಂದು ಹೇಳಿಕೊಂಡು ಬರುವವರಿದ್ದಾರೆ. ಈ ಯಾವ ತಿದ್ದುಪಡಿಗೂ ಕಚೇರಿಗೆ ಕಟ್ಟಬೇಕಾದ ಶುಲ್ಕ ಇಲ್ಲ. ಪ್ರಮಾಣಪತ್ರದ ಸ್ಟಾಂಪು, ಪತ್ರಿಕೆಯ ಜಾಹೀರಾತು, ಅಂಚೆ ಖರ್ಚು ಇಷ್ಟೇ. ಫೋನಿನಲ್ಲಿ ಪಿ.ಪಿ.ಒ. ನಂಬರ್, ಒ.ಟಿ.ಪಿ. ಕೇಳುವವರಿಗಂತೂ ಉತ್ತರವನ್ನೇ ಕೊಡಬೇಡಿ.

ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡ್ತಾ ಇದ್ದಾರೆ. ನಾವು ಪ್ರತಿ ತಿಂಗಳ ಎರಡನೇ ಶನಿವಾರ ಬೆಳಗ್ಗೆ ಹತ್ತರಿಂದ ಗೋದಾಮಿನ ಪಕ್ಕದ ಕೊಠಡಿಯಲ್ಲಿ ಇರುತ್ತೇವೆ. ಬರುವಾಗ ಡಿಸ್ಚಾರ್ಜ್ ಬುಕ್, ಪಿ.ಪಿ.ಒ., ಗಂಡ ಹೆಂಡತಿ ಇಬ್ಬರ ಆಧಾರ್, ಬ್ಯಾಂಕ್ ಪಾಸ್ ಬುಕ್ ಇವುಗಳ ಜೆರಾಕ್ಸ್ ತನ್ನಿ. ಮಿತ್ರರೇ, ಒಬ್ಬರೇ ಬರಬೇಡಿ, ಮನೆಯವರನ್ನೂ ಕರಕೊಂಡು ಬನ್ನಿ. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿ.